ಕಡಲೊಳಗಿನ ಗಾಳಿಯಂತ್ರದ ಬುಡದ ದಣಿವು: ಭೌತಮಾದರಿಗೆ ಯಂತ್ರಕಲಿಕೆಯನ್ನು ಜೋಡಿಸುವ ಸಮಗ್ರ ಮಾರ್ಗದರ್ಶಿ

ಕಡಲೊಳಗೆ ನೆಟ್ಟ ಗಾಳಿಯಂತ್ರದ ಉಕ್ಕಿನ ಬುಡ, ಮತ್ತೆ ಮತ್ತೆ ಬಾಗಿ ದಣಿದು (ಅಂದರೆ ಹಾನಿ ಕೂಡುತ್ತಾ ಹೋಗಿ) ಬಿರುಕು ಬಿಡುವ ಮುಂಚೆ, ಇನ್ನೆಷ್ಟು ವರ್ಷ ಬಾಳುತ್ತದೆ ಎಂದು ಲೆಕ್ಕ ಹಾಕಲು ಹೊರಟವರು ಒಂದೇ ಜಾಗದಲ್ಲಿ ಎಡವುವುದನ್ನು ಮತ್ತೆ ಮತ್ತೆ ನೋಡಿ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಕೆಲವು ತಿಂಗಳ ಸ್ಕಾಡಾ ದಾಖಲೆ (ಟರ್ಬೈನಿನ ನಿಯಂತ್ರಣ ಗಣಕ ಬರೆದಿಡುವುದು) ಮತ್ತು ಸ್ಟ್ರೇನ್ ಗೇಜ್ (ಉಕ್ಕಿನ ಹಿಗ್ಗು ಕುಗ್ಗನ್ನು ಅಳೆಯುವ ಪಟ್ಟಿ) ಅಳತೆಗಳನ್ನು ನ್ಯೂರಲ್ ನೆಟ್‌ವರ್ಕ್‌ಗೆ ಸುರಿದು, ಉಳಿದಿರುವ ಆಯುಷ್ಯವನ್ನು ನೇರವಾಗಿ ಅದರಿಂದಲೇ ಹೇಳಿಸಲು ಹೋಗುತ್ತಾರೆ. ಪರೀಕ್ಷೆಯ ಅಂಕ ಚೆನ್ನಾಗಿಯೇ ಬರುತ್ತದೆ; ಮುಂದಿನ ಚಳಿಗಾಲದ ಮೊದಲ ಬಿರುಗಾಳಿಗೆ ಅದೇ ಮಾದರಿ ದಾರಿ ತಪ್ಪುತ್ತದೆ. ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು: ವಿನ್ಯಾಸದ ಕಾಲದಲ್ಲಿ ಊಹಿಸಿದ ಮಣ್ಣಿನ ಬಿಗಿತವನ್ನೇ ಹಿಡಿದುಕೊಂಡು, ಅಳತೆ ಏನು ಹೇಳಿದರೂ ಸಿಮ್ಯುಲೇಷನ್ ಅನ್ನು ಬದಲಾಯಿಸದೆ ಇರುವುದು.

ಯಂತ್ರಕಲಿಕೆಯ ಬಳಿ ಆಯುಷ್ಯವನ್ನು ಕೇಳಬೇಡಿ. ಭೌತಮಾದರಿ, ಅಂದರೆ ಭೌತನಿಯಮಗಳಿಂದ ಲೆಕ್ಕ ಹಾಕುವ ಸಿಮ್ಯುಲೇಷನ್, ಹೇಳುವ ಹೊರೆಯಲ್ಲಿರುವ ತಪ್ಪನ್ನು ಮಾತ್ರ ತಿದ್ದಲು ಹೇಳಿ. ದಣಿದು ಮುರಿದ ಬುಡ ನಮ್ಮ ದತ್ತಾಂಶದಲ್ಲಿ ಒಂದೂ ಇರುವುದಿಲ್ಲ, ಹಾಗಾಗಿ ಆಯುಷ್ಯ ಎಂಬ ಉತ್ತರವನ್ನು ಕಲಿಯಲು ಅದರ ಮುಂದೆ ಉದಾಹರಣೆಯೇ ಇಲ್ಲ. ಆದರೆ ಹೊರೆಯ ತಪ್ಪಿಗೆ ಹತ್ತು ನಿಮಿಷಕ್ಕೊಂದರಂತೆ ವರ್ಷಕ್ಕೆ 52,560 ಉದಾಹರಣೆಗಳು ಸಿಗುತ್ತವೆ. ಕೆಳಗಿನ ಹಂತಗಳೆಲ್ಲ ಈ ಒಂದು ನಿರ್ಧಾರದ ಮೇಲೆ ನಿಂತಿವೆ.

ಉದಾಹರಣೆಗಾಗಿ ಅಮೆರಿಕದ ಎನ್‌ಆರ್‌ಇಎಲ್ ಪ್ರಯೋಗಾಲಯ ಪ್ರಕಟಿಸಿದ 5 ಮೆಗಾವ್ಯಾಟ್ ಮಾದರಿ ಟರ್ಬೈನ್ ಅನ್ನೂ, ಅದಕ್ಕೆ ಓಸಿ3 ಎಂಬ ಸಿಮ್ಯುಲೇಟರ್ ಹೋಲಿಕೆಯ ಯೋಜನೆಯಲ್ಲಿ ಕೊಟ್ಟ ಮೊನೊಪೈಲ್ ಬುಡವನ್ನೂ (ಕಡಲತಳಕ್ಕೆ ಇಳಿಸಿದ ಒಂದೇ ದಪ್ಪ ಉಕ್ಕಿನ ಕೊಳವೆ) ಆರಿಸಿಕೊಂಡಿದ್ದೇನೆ. ನೀರಿನ ಆಳ 20 ಮೀಟರ್, ಪೈಲಿನ ವ್ಯಾಸ 6 ಮೀಟರ್, ಗೋಡೆಯ ದಪ್ಪ 60 ಮಿಲಿಮೀಟರ್. ಇದರ ವಿವರಗಳು ಎಲ್ಲರಿಗೂ ತೆರೆದಿರುವುದರಿಂದ, ಉತ್ತರ ಸಮುದ್ರದ ಯೋಜನೆಗಳಿಗೆ ಬೆಂಗಳೂರಿನ ಕಚೇರಿಯಲ್ಲಿ ಕೂತು ಲೆಕ್ಕ ಮಾಡುವವರೂ ಸುರತ್ಕಲ್ಲಿನ ವಿದ್ಯಾರ್ಥಿಗಳೂ ಇದನ್ನು ತಮ್ಮ ಗಣಕದಲ್ಲೇ ಮಾಡಿ ನೋಡಬಹುದು.

## ಮೊದಲು ಕೈಯಲ್ಲಿರಬೇಕಾದವು

ಗಾಳಿ, ಅಲೆ, ನಿಯಂತ್ರಣ ವ್ಯವಸ್ಥೆ ಮತ್ತು ಗೋಪುರದ ಕಂಪನವನ್ನು ಒಟ್ಟಿಗೆ ಲೆಕ್ಕ ಹಾಕುವ ಒಂದು ಸಿಮ್ಯುಲೇಟರ್ ಬೇಕು. ಓಪನ್‌ಫಾಸ್ಟ್ ಉಚಿತವಾಗಿ ಸಿಗುತ್ತದೆ, ಈ ಕೆಲಸಕ್ಕೆ ಸಾಕು. ಹತ್ತು ನಿಮಿಷದ ಸ್ಕಾಡಾ ಸರಾಸರಿಗಳು, ಅಂದರೆ ಗಾಳಿಯ ವೇಗ ಮತ್ತು ಅದರ ಏರಿಳಿತ, ವಿದ್ಯುತ್ ಉತ್ಪಾದನೆ, ರೋಟರಿನ ವೇಗ, ಬ್ಲೇಡಿನ ಕೋನ ಮತ್ತು ನಾಸೆಲ್ಲಿನ (ಗೋಪುರದ ತುದಿಯ ಯಂತ್ರಗೂಡಿನ) ದಿಕ್ಕು, ಇವು ಬೇಕು. ಗೋಪುರದ ಬುಡದಲ್ಲಿ ಸುತ್ತಲೂ ಅಂಟಿಸಿದ ಕನಿಷ್ಠ ಮೂರು ಸ್ಟ್ರೇನ್ ಗೇಜ್‌ಗಳು, ಸಾಧ್ಯವಾದರೆ ನಾಲ್ಕು. ನಾಸೆಲ್‌ನಲ್ಲಿ ಎರಡು ದಿಕ್ಕಿನ ವೇಗೋತ್ಕರ್ಷ ಮಾಪಕ. ಅಲೆಯ ದಾಖಲೆಗೆ ಹತ್ತಿರದ ತೇಲುಬೋಯ್ ಇದ್ದರೆ ಉತ್ತಮ, ಇಲ್ಲವಾದರೆ ಯುರೋಪಿನ ಹವಾಮಾನ ಕೇಂದ್ರದ ಇಆರ್‌ಎ5 ದತ್ತಾಂಶದಲ್ಲಿ ಗಂಟೆಗಂಟೆಯ ಅಲೆ ಮತ್ತು ಗಾಳಿ ಸಿಗುತ್ತದೆ.

ಲೆಕ್ಕಕ್ಕೆ ಪೈಥಾನ್ ಸಾಕು. ರೈನ್‌ಫ್ಲೋ ಎಣಿಕೆಗೂ (ಏರಿಳಿತದ ಸರಣಿಯನ್ನು ಆವರ್ತಗಳಾಗಿ ಬಿಡಿಸಿ ಎಣಿಸುವ ಕ್ರಮ) ಗಾಸಿಯನ್ ಪ್ರೋಸೆಸ್‌ಗೂ (ಉತ್ತರದ ಜೊತೆಗೆ ಅದರ ಅನಿಶ್ಚಿತತೆಯನ್ನೂ ಹೇಳುವ ಕಲಿಕೆಯ ವಿಧಾನ) ಸಿದ್ಧ ಪ್ಯಾಕೇಜ್‌ಗಳಿವೆ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಇಲ್ಲವೆಂದು ಯಾರೂ ಕೆಲಸ ನಿಲ್ಲಿಸಬೇಕಾಗಿಲ್ಲ.

## ಹಂತ 1: ಒಂದೇ ಒಂದು ಬೆಸುಗೆಯನ್ನು ಆರಿಸಿ

ದಣಿವು ಇಡೀ ರಚನೆಗೆ ಒಟ್ಟಾಗಿ ಬರುವುದಿಲ್ಲ. ಒಂದು ಬೆಸುಗೆಯ ಅಂಚಿನಲ್ಲಿ, ಒಂದು ದಿಕ್ಕಿನಲ್ಲಿ ಬಿರುಕಾಗಿ ಶುರುವಾಗುತ್ತದೆ. ಆದ್ದರಿಂದ ‘ಟರ್ಬೈನಿನ ಆಯುಷ್ಯ’ ಎಂಬ ಅಸ್ಪಷ್ಟ ಗುರಿಯನ್ನು ಬಿಟ್ಟು, ಕಡಲತಳದ ಹತ್ತಿರ ಪೈಲಿನ ಸುತ್ತ ಹೋಗುವ ಒಂದು ಬಟ್ ಬೆಸುಗೆಯನ್ನು ಗುರುತಿಸಿಕೊಳ್ಳಿ. ಸುತ್ತಳತೆಯನ್ನು 24 ಭಾಗಗಳಾಗಿ ಹಂಚಿ, ಪ್ರತಿ ಭಾಗಕ್ಕೂ ಹಾನಿಯ ಪ್ರತ್ಯೇಕ ಖಾತೆ ತೆರೆಯಿರಿ.

ಇಲ್ಲಿ ಬಹಳ ಮಂದಿ ಮಾಡುವ ತಪ್ಪೆಂದರೆ, ಎರಡು ದಿಕ್ಕಿನ ಬಾಗು ಮೊಮೆಂಟ್‌ಗಳನ್ನು (ಬುಡವನ್ನು ಬಾಗಿಸುವ ಹೊರೆಯ ಅಳತೆ) ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆದು, ಆ ಒಂದೇ ಸರಣಿಯ ಮೇಲೆ ಆವರ್ತಗಳನ್ನು ಎಣಿಸುವುದು. ಹಾಗೆ ಮಾಡಿದಾಗ ಧನ ಋಣ ಚಿಹ್ನೆ ಮಾಯವಾಗುತ್ತದೆ; ಸೊನ್ನೆಯ ಆಚೀಚೆ ತೂಗುವ ಒಂದು ದೊಡ್ಡ ಆವರ್ತ ಎರಡು ಚಿಕ್ಕ ಆವರ್ತಗಳಾಗಿ ಒಡೆದುಹೋಗುತ್ತದೆ. ಪ್ರತಿ ಭಾಗದ ಕೋನಕ್ಕೆ ಎರಡೂ ಮೊಮೆಂಟ್‌ಗಳನ್ನು ತಿರುಗಿಸಿ, ಆ ಬಿಂದುವಿನ ಸ್ಟ್ರೆಸ್ (ಉಕ್ಕಿನ ಒಳಒತ್ತಡ) ಸರಣಿಯನ್ನು ಪಡೆದ ಮೇಲೆಯೇ ಎಣಿಸಬೇಕು.

## ಹಂತ 2: ಹಾನಿಯ ಲೆಕ್ಕವನ್ನು ಒಮ್ಮೆ ಕೈಯಲ್ಲಿ ಮಾಡಿ

ಈ ಹಂತವನ್ನು ಹಾರಿಸಿ ನೇರ ಕೋಡಿಗೆ ಇಳಿದವರು, ಮುಂದೆ ಉತ್ತರ ಎರಡು ಪಟ್ಟು ತಪ್ಪಿದರೂ ಗುರುತಿಸಲಾರರು. ಒಂದು ಹಾಳೆ ತೆಗೆದುಕೊಳ್ಳಿ.

6 ಮೀಟರ್ ವ್ಯಾಸ, 60 ಮಿಲಿಮೀಟರ್ ದಪ್ಪದ ಕೊಳವೆಯ ಸೆಕ್ಷನ್ ಮಾಡ್ಯುಲಸ್ (ಮೊಮೆಂಟ್ ಅನ್ನು ಇದರಿಂದ ಭಾಗಿಸಿದರೆ ಸ್ಟ್ರೆಸ್ ಸಿಗುತ್ತದೆ) ಸುಮಾರು 1.65 ಘನ ಮೀಟರ್. ಬಾಗು ಮೊಮೆಂಟ್‌ನ ಏರಿಳಿತದ ವ್ಯಾಪ್ತಿ 50 ಮೆಗಾನ್ಯೂಟನ್-ಮೀಟರ್ ಎಂದಿಟ್ಟುಕೊಂಡರೆ, ಸ್ಟ್ರೆಸ್‌ನ ವ್ಯಾಪ್ತಿ 30.4 ಮೆಗಾಪ್ಯಾಸ್ಕಲ್ ಆಗುತ್ತದೆ. ಡಿಎನ್‌ವಿ-ಆರ್‌ಪಿ-ಸಿ203 ಕೈಪಿಡಿಯ ‘ಡಿ’ ದರ್ಜೆಯ ಎಸ್-ಎನ್ ರೇಖೆಯನ್ನು (ಎಷ್ಟು ಸ್ಟ್ರೆಸ್ ವ್ಯಾಪ್ತಿಗೆ ಬೆಸುಗೆ ಎಷ್ಟು ಆವರ್ತಗಳನ್ನು ತಡೆಯುತ್ತದೆ ಎಂದು ಹೇಳುವ ರೇಖೆ), ಸಮುದ್ರದ ನೀರಿನಲ್ಲಿ ಕ್ಯಾಥೋಡಿಕ್ ರಕ್ಷಣೆ (ತುಕ್ಕು ತಡೆಯುವ ವಿದ್ಯುತ್ ಏರ್ಪಾಡು) ಇರುವ ಸ್ಥಿತಿಗೆ, ತೆಗೆದುಕೊಳ್ಳಿ. ಆ ರೇಖೆ ಹತ್ತು ಲಕ್ಷ ಆವರ್ತಗಳವರೆಗೆ ಇಳಿಜಾರು 3, ಲಾಗ್ ಸ್ಥಿರಾಂಕ 11.764, ಅದರಾಚೆ ಇಳಿಜಾರು 5, ಸ್ಥಿರಾಂಕ 15.606. 30.4 ಮೆಗಾಪ್ಯಾಸ್ಕಲ್‌ಗೆ ಈ ಬೆಸುಗೆ ಸುಮಾರು 15.5 ಕೋಟಿ ಆವರ್ತಗಳನ್ನು ತಡೆಯುತ್ತದೆ ಎಂಬ ಉತ್ತರ ಬರುತ್ತದೆ.

ಈ ಉತ್ತರ ತಪ್ಪು, ಏಕೆಂದರೆ ದಪ್ಪದ ತಿದ್ದುಪಡಿಯನ್ನು ಮರೆತಿದ್ದೇವೆ. ‘ಡಿ’ ದರ್ಜೆಗೆ ಆಧಾರ ದಪ್ಪ 25 ಮಿಲಿಮೀಟರ್, ಘಾತ 0.2. ನಮ್ಮ ಗೋಡೆ 60 ಮಿಲಿಮೀಟರ್ ಇರುವುದರಿಂದ ಸ್ಟ್ರೆಸ್ ಅನ್ನು 1.19ರಿಂದ ಗುಣಿಸಬೇಕು, ಅದು 36.2 ಮೆಗಾಪ್ಯಾಸ್ಕಲ್ ಆಗುತ್ತದೆ. ಈಗ ತಡೆಯುವ ಆವರ್ತಗಳು ಸುಮಾರು 6.5 ಕೋಟಿ ಮಾತ್ರ. ಮರೆತ ಒಂದೇ ಒಂದು ಗುಣಾಂಕ ಹಾನಿಯನ್ನು 2.4 ಪಟ್ಟು ಬದಲಿಸಿತು.

ಇದೇ ಹಾಳೆಯಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಿ. ಎರಡು ಇಳಿಜಾರುಗಳು ಕೂಡುವ ಜಾಗ 83.4 ಮೆಗಾಪ್ಯಾಸ್ಕಲ್. ದಿನನಿತ್ಯದ ಆವರ್ತಗಳು ಬಹುತೇಕ ಅದಕ್ಕಿಂತ ಕೆಳಗೇ ಬೀಳುವುದರಿಂದ ನಮ್ಮ ಕೆಲಸ ಹೆಚ್ಚಾಗಿ ಇಳಿಜಾರು 5ರ ಭಾಗದಲ್ಲೇ ನಡೆಯುತ್ತದೆ. ಅಲ್ಲಿ ಸ್ಟ್ರೆಸ್ ಶೇಕಡಾ 10 ಹೆಚ್ಚಾಗಿ ಬಂದರೆ ಹಾನಿ ಶೇಕಡಾ 61 ಹೆಚ್ಚಾಗಿ ಬರುತ್ತದೆ. ಶೇಕಡಾ 5ರ ತಪ್ಪೂ ಶೇಕಡಾ 28 ಆಗುತ್ತದೆ. ಸ್ಟ್ರೆಸ್‌ನಲ್ಲಿ ಇಷ್ಟು ತಪ್ಪಾದರೆ ಪರವಾಗಿಲ್ಲ ಎಂದು ಯಾರಾದರೂ ಹೇಳಿದಾಗ ಈ ಎರಡು ಸಂಖ್ಯೆಗಳನ್ನು ಮುಂದಿಡಿ.

ನಂತರ ಕೋಡ್ ಬರೆಯಿರಿ: ಸ್ಟ್ರೆಸ್ ಸರಣಿ, ರೈನ್‌ಫ್ಲೋ ಎಣಿಕೆ, ಎಸ್-ಎನ್ ರೇಖೆ, ಮೈನರ್ ನಿಯಮದಂತೆ (ಬಂದ ಆವರ್ತಗಳನ್ನು ತಡೆಯಬಲ್ಲ ಆವರ್ತಗಳಿಂದ ಭಾಗಿಸಿ ಕೂಡಿಸುವುದು) ಹಾನಿಗಳ ಮೊತ್ತ. 36.2 ಮೆಗಾಪ್ಯಾಸ್ಕಲ್ ವ್ಯಾಪ್ತಿಯ ಕೃತಕ ಸೈನ್ ಅಲೆಯನ್ನು ಕೊಟ್ಟಾಗ ಹಾಳೆಯ ಉತ್ತರವೇ ಬರಬೇಕು. ಬಾರದಿದ್ದರೆ ಮುಂದೆ ಹೋಗಬೇಡಿ. ಅರ್ಧ ಆವರ್ತವನ್ನು ಪೂರ್ಣವೆಂದು ಎಣಿಸಿರುವುದೋ, ವೈಶಾಲ್ಯವನ್ನು ವ್ಯಾಪ್ತಿಯೆಂದು ತಿಳಿದಿರುವುದೋ ಸಾಮಾನ್ಯವಾಗಿ ಕಾರಣವಾಗಿರುತ್ತದೆ. ಎರಡನೆಯ ತಪ್ಪಿನಿಂದ ಹಾನಿ 32 ಪಟ್ಟು ಕಡಿಮೆಯಾಗಿ ಕಾಣುತ್ತದೆ.

## ಹಂತ 3: ಕಲಿಕೆಗೆ ಮುಂಚೆ ಭೌತಮಾದರಿಯನ್ನು ಹದಕ್ಕೆ ತನ್ನಿ

ಭೌತಮಾದರಿಯ ದೊಡ್ಡ ತಪ್ಪುಗಳನ್ನು ಕೈಯಿಂದ ಸರಿಪಡಿಸದೆ ಯಂತ್ರಕಲಿಕೆಯ ತಲೆಗೆ ಕಟ್ಟಬಾರದು. ಕಾರಣ ಗೊತ್ತಿರುವ ತಪ್ಪನ್ನು ಕಾರಣದಲ್ಲೇ ತಿದ್ದಬೇಕು, ಇಲ್ಲವಾದರೆ ಕಲಿತ ತಿದ್ದುಪಡಿ ಬೇರೆ ಹವೆಗೆ ಹೊಂದುವುದಿಲ್ಲ.

ಮೊದಲು ನೋಡಬೇಕಾದ್ದು ಸ್ವಾಭಾವಿಕ ಕಂಪನಾಂಕ. ನಮ್ಮ ಉದಾಹರಣೆಯ ಟರ್ಬೈನಿನಲ್ಲಿ ಅದು ಸುಮಾರು 0.28 ಹರ್ಟ್ಸ್. ರೋಟರ್ ಪೂರ್ಣ ವೇಗದಲ್ಲಿ ನಿಮಿಷಕ್ಕೆ 12.1 ಸುತ್ತು ತಿರುಗುವಾಗ ಸುತ್ತಿನ ಕಂಪನಾಂಕ 0.2 ಹರ್ಟ್ಸ್, ಮೂರು ಬ್ಲೇಡುಗಳು ಗೋಪುರವನ್ನು ಹಾದುಹೋಗುವ ಕಂಪನಾಂಕ 0.6 ಹರ್ಟ್ಸ್, ಬುಡದ ಕಂಪನಾಂಕವನ್ನು ಇವೆರಡರ ನಡುವೆ ಇರಿಸಲಾಗಿದೆ. ಟರ್ಬೈನ್ ನಿಂತಿರುವ ಹೊತ್ತಿನ ವೇಗೋತ್ಕರ್ಷದ ದಾಖಲೆಯಿಂದ ನಿಜವಾದ ಕಂಪನಾಂಕವನ್ನು ತೆಗೆದು ಮಾದರಿಯದರೊಂದಿಗೆ ಹೋಲಿಸಿ. ಅಳತೆಯದು ಹೆಚ್ಚಿದ್ದರೆ ಆಶ್ಚರ್ಯಪಡಬೇಡಿ. ಮಣ್ಣಿನ ಬಿಗಿತವನ್ನು ಹೇಳುವ ಹಳೆಯ ಪಿ-ವೈ ರೇಖೆಗಳು ತೆಳುವಾದ, ಉದ್ದನೆಯ ಪೈಲುಗಳ ಮೇಲೆ ರೂಪುಗೊಂಡವು. ದಪ್ಪ ಮೊನೊಪೈಲ್‌ಗಳ ಸುತ್ತಲಿನ ಮಣ್ಣು ಅವು ಹೇಳುವುದಕ್ಕಿಂತ ಬಿಗಿಯಾಗಿರುವುದು ಹಲವೆಡೆ ಕಂಡುಬಂದಿದೆ. ಹೊಂದಿಕೆ ಬರುವ ತನಕ ಮಣ್ಣಿನ ಬಿಗಿತವನ್ನೇ ತಿದ್ದಿ, ಉಕ್ಕಿನ ಬಿಗಿತವನ್ನಲ್ಲ.

ಎರಡನೆಯದು ಡ್ಯಾಂಪಿಂಗ್, ಅಂದರೆ ತೂಗಾಟವನ್ನು ತಣಿಸುವ ಗುಣ. ಟರ್ಬೈನ್ ಓಡುವಾಗ ಗಾಳಿಯೇ ಮುಂದೆ ಹಿಂದಿನ ತೂಗಾಟವನ್ನು ಚೆನ್ನಾಗಿ ಹಿಡಿದು ನಿಲ್ಲಿಸುತ್ತದೆ. ನಿಂತಾಗ ಆ ಆಸರೆ ತಪ್ಪಿಹೋಗಿ, ಅಲೆಯ ಪ್ರತಿ ಹೊಡೆತಕ್ಕೂ ಗೋಪುರ ಬಹಳ ಹೊತ್ತು ತೂಗುತ್ತದೆ. ಗಾಳಿ ಒಂದು ಕಡೆಯಿಂದ, ಅಲೆ ಅಡ್ಡದಿಂದ ಬಂದಾಗಲೂ ಹೀಗೆಯೇ. ಆದ್ದರಿಂದ ಓಡುವ ಸ್ಥಿತಿಗೂ ನಿಂತ ಸ್ಥಿತಿಗೂ ಬೇರೆ ಬೇರೆ ಸಿಮ್ಯುಲೇಷನ್ ಇರಬೇಕು. ನಿಂತ ಗಂಟೆಗಳು ಕಡಿಮೆ ಎಂದು ಕೈಬಿಟ್ಟರೆ, ಕಡಿಮೆ ಹೊತ್ತಿನಲ್ಲಿ ಹೆಚ್ಚು ಹಾನಿ ಮಾಡುವ ಭಾಗವನ್ನೇ ಕೈಬಿಟ್ಟಂತೆ.

ಮೂರನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಅಲೆಯ ಬಲಕ್ಕೆ ಎಲ್ಲರೂ ಮಾರಿಸನ್ ಸಮೀಕರಣವನ್ನು ಹಾಕುತ್ತಾರೆ. ಪೈಲಿನ ವ್ಯಾಸ ಅಲೆಯ ಉದ್ದದ ಐದನೇ ಒಂದು ಭಾಗವನ್ನು ಮೀರದಿದ್ದರೆ ಮಾತ್ರ ಅದು ಸರಿ. 6 ಮೀಟರ್ ಪೈಲಿಗೆ 30 ಮೀಟರ್‌ಗಿಂತ ಕಿರಿದಾದ ಅಲೆಗಳಲ್ಲಿ, ಅಂದರೆ ಸುಮಾರು 4.4 ಸೆಕೆಂಡಿಗಿಂತ ಚಿಕ್ಕ ಅವಧಿಯ ಅಲೆಗಳಲ್ಲಿ, ಅದು ಕೆಡುತ್ತದೆ. ಈಗ 0.28 ಹರ್ಟ್ಸ್‌ನ ಅವಧಿ ಎಷ್ಟೆಂದು ನೋಡಿ: 3.6 ಸೆಕೆಂಡು, ಅಲೆಯ ಉದ್ದ ಸುಮಾರು 20 ಮೀಟರ್. ಬುಡವನ್ನು ಅನುರಣನೆಗೆ ತರುವ ಅಲೆಗಳಲ್ಲೇ ಮಾರಿಸನ್ ಬಲವನ್ನು ಹೆಚ್ಚಾಗಿ ಹೇಳುತ್ತದೆ. ದಪ್ಪ ಪೈಲು ಅಲೆಯನ್ನೇ ಚದುರಿಸುವುದನ್ನು ಲೆಕ್ಕಕ್ಕೆ ಹಿಡಿಯುವ ಮ್ಯಾಕಾಮಿ–ಫುಕ್ಸ್ ತಿದ್ದುಪಡಿಯನ್ನು ಹಾಕಿದರೆ ಇದು ಸರಿಹೋಗುತ್ತದೆ. ಹಾಕದೆ ಹೋದರೆ ನಿಮ್ಮ ಯಂತ್ರಕಲಿಕೆ ಈ ಪಾಠವನ್ನು ಅರೆಬರೆಯಾಗಿ, ಬೇರೆ ಕಾರಣಗಳೊಂದಿಗೆ ಕಲಸಿಕೊಂಡು ಕಲಿಯುತ್ತದೆ.

## ಹಂತ 4: ಸಿಮ್ಯುಲೇಷನ್‌ಗಳ ಕಣಜ ಕಟ್ಟಿ

ಅಳತೆಯ ಪ್ರತಿ ಹತ್ತು ನಿಮಿಷಕ್ಕೂ ಒಂದು ಸಿಮ್ಯುಲೇಷನ್ ಓಡಿಸುವ ಅಗತ್ಯವಿಲ್ಲ. ಗಾಳಿಯ ವೇಗಕ್ಕೆ 11 ಮೆಟ್ಟಿಲು, ಏರಿಳಿತಕ್ಕೆ 3, ಅಲೆಯ ಎತ್ತರಕ್ಕೆ 4, ಅವಧಿಗೆ 3, ಗಾಳಿಗೂ ಅಲೆಗೂ ನಡುವಿನ ಕೋನಕ್ಕೆ 4, ಪ್ರತಿಯೊಂದಕ್ಕೂ ಆರು ಯಾದೃಚ್ಛಿಕ ಬೀಜಗಳು (ಅದೇ ಹವೆಯ ಆರು ಬೇರೆ ಬೇರೆ ಗಾಳಿ ಅಲೆ ಸರಣಿಗಳು) ಎಂದರೆ ಸುಮಾರು 9,500 ಓಟಗಳಾಗುತ್ತವೆ. ಇವುಗಳ ನಡುವಿನ ಬಿಂದುಗಳನ್ನು ಒಂದು ಸರಳ ಬದಲಿ ಮಾದರಿಯಿಂದ ತುಂಬಿಸಿಕೊಳ್ಳಬಹುದು.

ಆದರೆ ಕಡಲಿನಲ್ಲಿ ಇರಲಾರದ ಜೋಡಿಗಳನ್ನು ಮೊದಲೇ ಕಳೆಯಿರಿ. 4 ಸೆಕೆಂಡಿನ ಅಲೆಯ ಉದ್ದ 25 ಮೀಟರ್. ಎತ್ತರ ಉದ್ದದ ಏಳನೇ ಒಂದು ಭಾಗ ಮುಟ್ಟುತ್ತಿದ್ದಂತೆ ಅಲೆ ಒಡೆಯುವುದರಿಂದ, ಆ ಅವಧಿಗೆ 4 ಮೀಟರ್ ಎತ್ತರವನ್ನು ಜೋಡಿಸಿದರೆ ಇಲ್ಲದ ಕಡಲನ್ನು ಲೆಕ್ಕ ಹಾಕಿದಂತಾಗುತ್ತದೆ. ಪ್ರತಿ ಓಟದ ಆರಂಭದ ಒಂದೆರಡು ನಿಮಿಷಗಳ ಅಸ್ಥಿರ ಭಾಗವನ್ನೂ ಕತ್ತರಿಸಿ. ಆರು ಬೀಜಗಳ ಉತ್ತರಗಳು ಎಷ್ಟು ಹರಡಿಕೊಂಡಿವೆ ಎಂಬುದನ್ನು ಬರೆದಿಟ್ಟುಕೊಳ್ಳಿ, ಎಂಟನೆಯ ಹಂತದಲ್ಲಿ ಬೇಕಾಗುತ್ತದೆ.

## ಹಂತ 5: ಅಳತೆಗಳನ್ನು ನಂಬುವ ಮುಂಚೆ ಪರೀಕ್ಷಿಸಿ

ನನ್ನ ಅನುಭವದಲ್ಲಿ ಈ ಹಂತಕ್ಕೆ ಉಳಿದೆಲ್ಲವುಗಳಿಗಿಂತ ಹೆಚ್ಚು ಸಮಯ ಬೇಕು, ಮತ್ತು ಅದು ವ್ಯರ್ಥವಲ್ಲ.

ಒಂದು ಕೆಲಸದಲ್ಲಿ ಮೂರು ವಾರ ನಾನು ಮಾದರಿಯನ್ನು ತಿದ್ದುತ್ತಲೇ ಇದ್ದೆ. ಚಳಿಗಾಲದಲ್ಲಿ ಸರಿಯಾಗಿ ನಡೆಯುತ್ತಿದ್ದ ಹೊಂದಿಕೆ ಮಾರ್ಚ್ ಕೊನೆಯಿಂದ ಕೆಡುತ್ತಿತ್ತು, ಅಕ್ಟೋಬರ್ ಕೊನೆಗೆ ತಾನಾಗಿಯೇ ಸರಿಯಾಗುತ್ತಿತ್ತು. ಕಾರಣ ಕಡಲಿನಲ್ಲಿರಲಿಲ್ಲ. ಸ್ಕಾಡಾ ದಾಖಲೆ ಸ್ಥಳೀಯ ಗಡಿಯಾರವನ್ನು ಅನುಸರಿಸುತ್ತಿತ್ತು, ಸ್ಟ್ರೇನ್ ದಾಖಲೆ ಜಾಗತಿಕ ಸಮಯವನ್ನು. ಯುರೋಪಿನಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ಹಾಕಿದಾಗಲೆಲ್ಲ ಎರಡೂ ಒಂದು ಗಂಟೆ ಬೇರೆಯಾಗುತ್ತಿದ್ದವು. ಅಂದಿನಿಂದ, ವಿದ್ಯುತ್ ಉತ್ಪಾದನೆಯ ಸರಣಿಯನ್ನೂ ಮೊಮೆಂಟ್‌ನ ಸರಣಿಯನ್ನೂ ಒಂದರ ಮೇಲೊಂದು ಜಾರಿಸಿ, ಯಾವ ಅಂತರದಲ್ಲಿ ಅವು ಅತಿ ಹೆಚ್ಚು ಹೊಂದುತ್ತವೆ ಎಂಬುದನ್ನು ತಿಂಗಳು ತಿಂಗಳು ಪರೀಕ್ಷಿಸದೆ ಮುಂದಿನ ಹೆಜ್ಜೆ ಇಟ್ಟಿಲ್ಲ.

ಗೇಜ್‌ಗಳ ಪರೀಕ್ಷೆಗೆ ಒಳ್ಳೆಯ ದಾರಿ ನಾಸೆಲ್ ಅನ್ನು ಪೂರ್ತಿ ಒಂದು ಸುತ್ತು ತಿರುಗಿಸುವುದು. ಗಾಳಿ ಕಡಿಮೆ ಇರುವಾಗ ಇದನ್ನು ಮಾಡಿದರೆ, ನಾಸೆಲ್ ಮತ್ತು ರೋಟರಿನ ತೂಕ ಗೋಪುರದ ನಡುಗೆರೆಯಿಂದ ಎಷ್ಟು ಸರಿದಿದೆಯೋ ಅಷ್ಟಕ್ಕೆ ತಕ್ಕ ಮೊಮೆಂಟ್ ಪ್ರತಿ ಗೇಜ್‌ನಲ್ಲೂ ಅಚ್ಚುಕಟ್ಟಾದ ಸೈನ್ ರೇಖೆಯಾಗಿ ಮೂಡುತ್ತದೆ. ರೇಖೆಯ ಎತ್ತರ ಗೇಜ್‌ನ ಮಾಪನವನ್ನು ಹೇಳುತ್ತದೆ, ಅದರ ನಡುಮಟ್ಟ ಸೊನ್ನೆಯ ಸ್ಥಾನವನ್ನು ಹೇಳುತ್ತದೆ, ಶಿಖರ ಬರುವ ಕೋನ ಗೇಜ್ ನಿಜವಾಗಿ ಎಲ್ಲಿ ಅಂಟಿದೆ ಎಂಬುದನ್ನು ಹೇಳುತ್ತದೆ. ಎರಡು ಗೇಜ್‌ಗಳ ತಂತಿ ಅದಲುಬದಲಾಗಿದ್ದರೆ ಅದು ಇಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ, ಮತ್ತೆಲ್ಲೂ ಕಾಣುವುದಿಲ್ಲ.

ಬಿಸಿಲೂ ಮೋಸ ಮಾಡುತ್ತದೆ. ಗೋಪುರದ ಒಂದು ಮಗ್ಗುಲು ಕಾದಾಗ ಹುಟ್ಟುವ ಸ್ಟ್ರೇನ್, ಗಾಳಿಯೇ ಇಲ್ಲದ ಮಧ್ಯಾಹ್ನದಲ್ಲಿ ಬಾಗಿದಂತೆ ತೋರಿಸುತ್ತದೆ. ಉಷ್ಣಾಂಶದ ಪರಿಹಾರವಿರುವ ಗೇಜ್ ಜೋಡಣೆಯೇ ಇದಕ್ಕೆ ಮದ್ದು. ಅದಿಲ್ಲದಿದ್ದರೆ ಶಾಂತವಾದ, ಮೋಡ ಕವಿದ ರಾತ್ರಿಗಳನ್ನು ಸೊನ್ನೆಯ ಆಧಾರವಾಗಿ ಇಟ್ಟುಕೊಳ್ಳಿ. ವೇಗೋತ್ಕರ್ಷವನ್ನು ಎರಡು ಸಲ ಅನುಕಲಿಸಿ ಸ್ಥಾನಪಲ್ಲಟ ಪಡೆಯಲು ಹೋದರೆ ಕೆಳ ಕಂಪನಾಂಕದ ತಪ್ಪು ಬೆಟ್ಟದಷ್ಟಾಗುತ್ತದೆ, ಏಕೆಂದರೆ ಗೋಪುರ ವಾಲಿದಾಗ ಗುರುತ್ವದ ಪಾಲೂ ಆ ಮಾಪಕದಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಮೊದಲ ಕಂಪನಾಂಕದ ಸುತ್ತಮುತ್ತ ಮಾತ್ರ ಬಳಸಿ.

## ಹಂತ 6: ತಿದ್ದುಪಡಿಯನ್ನು ಮಾತ್ರ ಕಲಿಸಿ

ಈಗ ಪ್ರತಿ ಹತ್ತು ನಿಮಿಷಕ್ಕೂ ಎರಡು ಸಂಖ್ಯೆಗಳಿವೆ: ಗೇಜ್ ಹೇಳುವ ಹಾನಿಸಮ ಹೊರೆ, ಭೌತಮಾದರಿ ಹೇಳುವ ಹಾನಿಸಮ ಹೊರೆ. ಹಾನಿಸಮ ಹೊರೆ ಎಂದರೆ, ಚಿಕ್ಕದು ದೊಡ್ಡದು ಬೆರೆತ ಆ ಎಲ್ಲ ಆವರ್ತಗಳು ಮಾಡುವಷ್ಟೇ ಹಾನಿಯನ್ನು ಒಂದೇ ಅಳತೆಯ ಆವರ್ತಗಳು ಮಾಡುವುದಾದರೆ ಅವುಗಳ ವ್ಯಾಪ್ತಿ ಎಷ್ಟಿರಬೇಕು ಎಂಬುದು. ಇಳಿಜಾರು 5ನ್ನು ಬಳಸಿ ಅದನ್ನು ತೆಗೆಯಿರಿ. ಯಂತ್ರಕಲಿಕೆಯ ಗುರಿ ಈ ಎರಡರ ಅನುಪಾತದ ಲಾಗರಿತಮ್ ಆಗಿರಲಿ.

ಒಳಸುರಿಯಾಗಿ ಗಾಳಿಯ ವೇಗ, ಏರಿಳಿತ, ಅಲೆಯ ಎತ್ತರ ಮತ್ತು ಅವಧಿ, ಗಾಳಿ ಅಲೆಗಳ ನಡುವಿನ ಕೋನ, ರೋಟರಿನ ವೇಗ, ಟರ್ಬೈನಿನ ಸ್ಥಿತಿ, ಜೊತೆಗೆ ಭೌತಮಾದರಿಯ ಉತ್ತರವನ್ನೂ ಕೊಡಿ. ಕೋನಗಳನ್ನು ಡಿಗ್ರಿಯಲ್ಲಿ ಕೊಡದೆ ಸೈನ್ ಮತ್ತು ಕೊಸೈನ್ ಆಗಿ ಕೊಡಿ, ಇಲ್ಲವಾದರೆ 359 ಡಿಗ್ರಿಗೂ 1 ಡಿಗ್ರಿಗೂ ಬಹಳ ದೂರವಿದೆ ಎಂದು ಮಾದರಿ ತಿಳಿಯುತ್ತದೆ. ದಿನಾಂಕವನ್ನೋ ಸಾಲಿನ ಕ್ರಮಸಂಖ್ಯೆಯನ್ನೋ ಎಂದಿಗೂ ಒಳಗೆ ಬಿಡಬೇಡಿ.

ಮಾದರಿಯಾಗಿ ನಾನು ಸೊನ್ನೆ ಸರಾಸರಿಯ ಗಾಸಿಯನ್ ಪ್ರೋಸೆಸ್ ಅನ್ನು ಆರಿಸುತ್ತೇನೆ. ಕಂಡಿರದ ಹವೆಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಈ ಆಯ್ಕೆಗೆ ಕಾರಣ. ಕಲಿತ ದತ್ತಾಂಶದಿಂದ ದೂರ ಹೋದಂತೆ ಅದರ ತಿದ್ದುಪಡಿ ಸೊನ್ನೆಗೆ ಇಳಿಯುತ್ತದೆ, ಅನಿಶ್ಚಿತತೆ ಹಿಗ್ಗುತ್ತದೆ. ಎಂದೂ ನೋಡದ ಬಿರುಗಾಳಿಯಲ್ಲಿ ಭೌತಮಾದರಿಯ ಮಾತೇ ನಿಲ್ಲುತ್ತದೆ. ನಿರ್ಧಾರ ಮರಗಳ ಮಾದರಿಗಳು ಅಂಚಿನಲ್ಲಿ ಕಂಡ ಕೊನೆಯ ಬೆಲೆಯನ್ನೇ ಹಿಡಿದುಕೊಳ್ಳುತ್ತವೆ, ನ್ಯೂರಲ್ ನೆಟ್‌ವರ್ಕ್ ಅಲ್ಲಿ ಏನು ಹೇಳುತ್ತದೆಂದು ಮೊದಲೇ ಹೇಳಲಾಗದು. ವರ್ಷದ ಎಲ್ಲ ಸಾಲುಗಳನ್ನು ಗಾಸಿಯನ್ ಪ್ರೋಸೆಸ್ ಹೊರಲಾರದು, ಅದರ ಲೆಕ್ಕ ಸಾಲುಗಳ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ಎಲ್ಲ ಬಗೆಯ ಹವೆಯೂ ಬರುವಂತೆ ಕೆಲವು ಸಾವಿರ ಸಾಲುಗಳನ್ನು ಆರಿಸಿಕೊಳ್ಳಿ. ನಿಂತ ಸ್ಥಿತಿಯ ಸಾಲುಗಳಿಗೆ ಬೇಕೆಂದೇ ಹೆಚ್ಚು ಪಾಲು ಕೊಡಿ.

ಗೇಜ್ ಇರುವುದು ನೀರಿನ ಮೇಲೆ, ನಮ್ಮ ಬೆಸುಗೆ ಇರುವುದು ಕಡಲತಳದಲ್ಲಿ, ಅಲೆಯ ಹೊಡೆತ ಬೀಳುವುದು ಇವೆರಡರ ನಡುವೆ. ಹಾಗಾಗಿ ಮೇಲೆ ಕಲಿತ ತಿದ್ದುಪಡಿಯನ್ನು ಕೆಳಗೆ ಹಾಗೆಯೇ ಹಾಕಲು ಬರುವುದಿಲ್ಲ. ಸಂಕೇತವನ್ನು ಕಂಪನಾಂಕದ ಮೇಲೆ ವಿಂಗಡಿಸಿ, ಗಾಳಿಯ ನಿಧಾನ ತಳ್ಳಾಟದ ಭಾಗಕ್ಕೂ ಮೊದಲ ಕಂಪನದ ಭಾಗಕ್ಕೂ ಬೇರೆ ಬೇರೆ ತಿದ್ದುಪಡಿ ಕಲಿಸಿ. ಅವನ್ನು ಕೆಳಕ್ಕೆ ಒಯ್ಯಲು ಭೌತಮಾದರಿಯ ಬಾಗುವಿಕೆಯ ಆಕಾರಗಳನ್ನು ಬಳಸಿ. ಅಲೆ ನೇರವಾಗಿ ತಳ್ಳುವ ಭಾಗವನ್ನು ಭೌತಮಾದರಿಗೇ ಬಿಡಿ, ಏಕೆಂದರೆ ಅದರ ಬಗ್ಗೆ ಮೇಲಿನ ಗೇಜ್ ಹೆಚ್ಚೇನೂ ಹೇಳಲಾರದು. ಹಾನಿಯನ್ನು ಎಣಿಸುವುದು ಎಲ್ಲ ಭಾಗಗಳನ್ನು ಮತ್ತೆ ಕೂಡಿಸಿದ ಸ್ಟ್ರೆಸ್ ಸರಣಿಯ ಮೇಲೆ. ಭಾಗಭಾಗದ ಹಾನಿಗಳನ್ನು ಕೂಡಿಸಬಾರದು.

## ಹಂತ 7: ಪರೀಕ್ಷೆಯನ್ನು ಕಠಿಣವಾಗಿಸಿ

ಸಾಲುಗಳನ್ನು ಯಾದೃಚ್ಛಿಕವಾಗಿ ಕಲಿಕೆ ಮತ್ತು ಪರೀಕ್ಷೆ ಎಂದು ಹಂಚಿದರೆ, ಬೆಳಗಿನ 10ರ ಹವೆ ಕಲಿಕೆಯಲ್ಲೂ 10.10ರ ಹವೆ ಪರೀಕ್ಷೆಯಲ್ಲೂ ಬೀಳುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ. ಮಾದರಿ ಬಾಯಿಪಾಠ ಒಪ್ಪಿಸುತ್ತದೆ, ನಾವು ಅದನ್ನು ತಿಳಿವಳಿಕೆ ಎಂದುಕೊಳ್ಳುತ್ತೇವೆ. ಆರಂಭದಲ್ಲಿ ಹೇಳಿದ ಚೆನ್ನಾದ ಅಂಕದ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ. ಇಡೀ ಒಂದು ಋತುವನ್ನು ಹೊರಗಿಡಿ, ಅದು ಚಳಿಗಾಲವಾಗಿರಲಿ. ಸಾಧ್ಯವಾದರೆ ಇಡೀ ಒಂದು ಟರ್ಬೈನ್ ಅನ್ನೇ ಹೊರಗಿಡಿ.

ಬರಿಯ ಭೌತಮಾದರಿ, ಬರಿಯ ಯಂತ್ರಕಲಿಕೆ, ಎರಡರ ಜೋಡಣೆ, ಈ ಮೂರನ್ನೂ ಅದೇ ಹೊರಗಿಟ್ಟ ಋತುವಿನ ಮೇಲೆ ಓಡಿಸಿ. ಅಂಕವನ್ನು ಆರ್-ವರ್ಗದಲ್ಲಿ (ಹೊಂದಿಕೆಯ ಸಾಮಾನ್ಯ ಅಳತೆ) ಕೊಡಬೇಡಿ. ಋತುವಿಡೀ ಕೂಡಿದ ಹಾನಿಯಲ್ಲಿ ಲೆಕ್ಕ ಹಾಕಿದ್ದಕ್ಕೂ ಅಳೆದದ್ದಕ್ಕೂ ಇರುವ ಅನುಪಾತವನ್ನು ಕೊಡಿ, ಅದನ್ನೂ ಗಾಳಿಯ ವೇಗದ ಮೆಟ್ಟಿಲು ಮೆಟ್ಟಿಲಾಗಿ. ಒಟ್ಟು ಅನುಪಾತ ಒಂದರ ಹತ್ತಿರ ಬಂದು, ತಂಗಾಳಿಯಲ್ಲಿ ಹೆಚ್ಚು, ಬಿರುಗಾಳಿಯಲ್ಲಿ ಕಡಿಮೆ ಎಂದು ಒಳಗೊಳಗೇ ಸರಿದೂಗಿರುವುದು ಅಪಾಯದ ಸೂಚನೆ. ಜೋಡಣೆ ಬರಿಯ ಭೌತಮಾದರಿಗಿಂತ ಉತ್ತಮವಾಗದಿದ್ದರೆ ಮೂರನೆಯ ಮತ್ತು ಐದನೆಯ ಹಂತಗಳಿಗೆ ಮರಳಿ. ಕಲಿಕೆಯ ಮಾದರಿಯನ್ನು ದೊಡ್ಡದು ಮಾಡಲು ಹೋಗಬೇಡಿ.

## ಹಂತ 8: ವರ್ಷಗಳ ಹಾನಿಯನ್ನು ಕೂಡಿಸಿ

ಇಲ್ಲಿ ಎರಡು ತಪ್ಪುಗಳು ಸದ್ದಿಲ್ಲದೆ ನುಸುಳುತ್ತವೆ, ಎರಡೂ ಆಯುಷ್ಯವನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ತೋರಿಸುತ್ತವೆ.

ಮೊದಲನೆಯದು ಸರಾಸರಿಯ ತಪ್ಪು. ಮಾದರಿ ಲಾಗರಿತಮ್‌ನ ಸರಾಸರಿಯನ್ನು ಹೇಳುತ್ತದೆ. ಅದನ್ನು ಹಿಂದಕ್ಕೆ ತಿರುಗಿಸಿ ಐದನೇ ಘಾತಕ್ಕೆ ಏರಿಸಿದಾಗ ಸಿಗುವುದು ಸರಾಸರಿ ಹಾನಿಯಲ್ಲ, ಅದಕ್ಕಿಂತ ಕಡಿಮೆ. ಉಳಿದ ಚದುರಿಕೆಯ ಪ್ರಮಾಣ ವಿಚಲನೆ ಲಾಗ್ ಮಾನದಲ್ಲಿ 0.1 ಇದ್ದರೆ ನಿಜವಾದ ಸರಾಸರಿ ಹಾನಿ 1.13 ಪಟ್ಟು, 0.2 ಇದ್ದರೆ 1.65 ಪಟ್ಟು. ಆದ್ದರಿಂದ ಒಂದೊಂದು ಹತ್ತು ನಿಮಿಷಕ್ಕೂ ಗಾಸಿಯನ್ ಪ್ರೋಸೆಸ್‌ನ ಪೂರ್ಣ ಹಂಚಿಕೆಯಿಂದ ಹಲವು ಬೆಲೆಗಳನ್ನು ಹೆಕ್ಕಿ, ಪ್ರತಿಯೊಂದರ ಹಾನಿಯನ್ನು ಲೆಕ್ಕ ಹಾಕಿ, ನಂತರ ಸರಾಸರಿ ತೆಗೆಯಿರಿ. ಆ ಚದುರಿಕೆಯಲ್ಲಿ ಎಷ್ಟು ಪಾಲು ಬೀಜಗಳದು ಎಂಬುದಕ್ಕೆ ನಾಲ್ಕನೆಯ ಹಂತದಲ್ಲಿ ಬರೆದಿಟ್ಟದ್ದನ್ನು ನೋಡಿ.

ಎರಡನೆಯದು ಕತ್ತರಿಯ ತಪ್ಪು. ಹತ್ತು ಹತ್ತು ನಿಮಿಷಕ್ಕೆ ಕತ್ತರಿಸಿ ಎಣಿಸಿದಾಗ, ಬೆಳಗಿನ ಶಾಂತಿಯಿಂದ ಸಂಜೆಯ ಬಿರುಸಿಗೆ ಏರಿ ಮತ್ತೆ ಇಳಿಯುವ ಒಂದು ದೊಡ್ಡ ನಿಧಾನ ಆವರ್ತ ಯಾವ ತುಣುಕಿನಲ್ಲೂ ಪೂರ್ತಿಯಾಗಿ ಇರುವುದಿಲ್ಲ. ಪ್ರತಿ ತುಣುಕಿನಲ್ಲೂ ಮುಚ್ಚದೆ ಉಳಿದ ಅರ್ಧ ಆವರ್ತಗಳ ತುದಿಗಳನ್ನು ಎಸೆಯದೆ, ಒಂದರ ಹಿಂದೊಂದು ಪೋಣಿಸಿ, ಆ ಉದ್ದನೆಯ ಸರಣಿಯ ಮೇಲೆ ಮತ್ತೊಮ್ಮೆ ಎಣಿಕೆ ಮಾಡಿ.

ನಂತರ ಹಲವು ವರ್ಷಗಳ ಗಾಳಿ ಮತ್ತು ಅಲೆಯ ಹಂಚಿಕೆಯ ತೂಕ ಕೊಟ್ಟು ಹಾನಿಯನ್ನು ಹಿಗ್ಗಿಸಬೇಕು. ಅಳತೆ ಮಾಡಿದ ಒಂದೇ ವರ್ಷವನ್ನು ಇಪ್ಪತ್ತೈದರಿಂದ ಗುಣಿಸಬಾರದು. ಕೊನೆಗೆ, ತಪಾಸಣೆಗೆ ಸಿಗದ ಬೆಸುಗೆಗಳಿಗೆ ವಿನ್ಯಾಸದ ನಿಯಮಾವಳಿಗಳು ಕೇಳುವ ದಣಿವು ಗುಣಾಂಕವನ್ನು (ಸುರಕ್ಷತೆಗಾಗಿ ಹಾನಿಯನ್ನು ಹೆಚ್ಚಿಸುವ ಗುಣಕ) ಹಾಕಿ. ಯಂತ್ರಕಲಿಕೆ ಬಂದಿದೆ ಎಂಬ ಕಾರಣಕ್ಕೆ ಆ ಗುಣಾಂಕವನ್ನು ಇಳಿಸುವ ಹಕ್ಕು ಲೆಕ್ಕಿಗನಿಗಿಲ್ಲ: ಎಸ್-ಎನ್ ರೇಖೆಯಲ್ಲೇ ಇರುವ ಅನಿಶ್ಚಿತತೆಯನ್ನು ನಮ್ಮ ತಿದ್ದುಪಡಿ ಮುಟ್ಟಿಯೇ ಇಲ್ಲ.

## ಹಂತ 9: ತಿದ್ದುಪಡಿಯನ್ನು ಯಾವಾಗ ಹಿಂತೆಗೆಯಬೇಕು

ಒಂದು ಟರ್ಬೈನಿನ ತಿದ್ದುಪಡಿಯನ್ನು ಪಕ್ಕದ್ದಕ್ಕೆ ಒಯ್ಯುವಾಗ ನೀರಿನ ಆಳ, ಮಣ್ಣು, ಕಂಪನಾಂಕ ಈ ಮೂರನ್ನೂ ಹೋಲಿಸಿ. ಬೇರೆ ಕಡಲಿಗೆ ಒಯ್ಯಲೇಬೇಡಿ. ಗುಜರಾತ್ ಮತ್ತು ತಮಿಳುನಾಡಿನ ತೀರಗಳಲ್ಲಿ ತಲಾ 500 ಮೆಗಾವ್ಯಾಟ್‌ನ ಕಡಲ ಗಾಳಿ ಯೋಜನೆಗೆ ಕೇಂದ್ರ ಸಂಪುಟ 2024ರ ಜೂನ್‌ನಲ್ಲಿ ನೆರವಿನ ಒಪ್ಪಿಗೆ ಕೊಟ್ಟಿದೆ. ಅಲ್ಲಿ ಜೂನ್‌ನಿಂದ ತಿಂಗಳುಗಟ್ಟಲೆ ಬೀಸುವ ಮುಂಗಾರಿನ ಅಲೆಗಳನ್ನು ಉತ್ತರ ಸಮುದ್ರದ ಚಳಿಗಾಲದಲ್ಲಿ ಕಲಿತ ಮಾದರಿ ಕಂಡೇ ಇಲ್ಲ. ಭೌತಮಾದರಿಯನ್ನು ಒಯ್ಯಬಹುದು, ತಿದ್ದುಪಡಿಯನ್ನು ಅಲ್ಲಿಯೇ ಹೊಸದಾಗಿ ಕಲಿಸಬೇಕು.

ಅದೇ ಟರ್ಬೈನಿನಲ್ಲೂ ನೆಲೆ ಬದಲಾಗುತ್ತದೆ. ಪೈಲಿನ ಸುತ್ತ ಮರಳು ಕೊರೆದುಹೋದರೆ ಕಂಪನಾಂಕ ಇಳಿಯುತ್ತದೆ. ನಿಂತ ಸ್ಥಿತಿಯಲ್ಲಿ, ಉಬ್ಬರದ ಮಟ್ಟ ಒಂದೇ ಇರುವ ಹೊತ್ತುಗಳನ್ನು ಮಾತ್ರ ಆರಿಸಿ, ಕಂಪನಾಂಕವನ್ನು ತಿಂಗಳಿಗೊಮ್ಮೆ ಗುರುತಿಸಿ. ಅದು ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಮೂರನೆಯ ಹಂತದಿಂದ ಮತ್ತೆ ಶುರುಮಾಡಬೇಕು. ಗಾಸಿಯನ್ ಪ್ರೋಸೆಸ್‌ನ ಅನಿಶ್ಚಿತತೆ ವಾರಗಟ್ಟಲೆ ಹಿಗ್ಗಿಯೇ ಇದ್ದರೆ, ನಿಯಂತ್ರಣ ತಂತ್ರಾಂಶ ಬದಲಾಗಿದೆಯೇ ಎಂದು ವಿಚಾರಿಸಿ; ಅದು ಬದಲಾದ ದಿನದ ನಂತರದ ದತ್ತಾಂಶವನ್ನು ಹಳೆಯದರೊಂದಿಗೆ ಬೆರೆಸಬೇಡಿ.

ತಪಾಸಣೆಯಲ್ಲಿ ಬಿರುಕು ಕಣ್ಣಿಗೆ ಬಿದ್ದರೆ ಎಸ್-ಎನ್ ರೇಖೆಯ ಕೆಲಸ ಆ ಬೆಸುಗೆಗೆ ಅಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದೆ ಬಿರುಕಿನ ಉದ್ದವನ್ನು ಆರಂಭವಾಗಿಟ್ಟುಕೊಂಡು, ಪ್ಯಾರಿಸ್ ನಿಯಮದಂತೆ ಅದರ ಬೆಳವಣಿಗೆಯನ್ನು ಲೆಕ್ಕ ಹಾಕಿ. ಅದಕ್ಕೆ ಬೇಕಾದ ಸ್ಟ್ರೆಸ್ ಆವರ್ತಗಳು ಇದೇ ತಿದ್ದಿದ ಸರಣಿಯಿಂದ ಬರುತ್ತವೆ. ಮುಂದಿನ ತಪಾಸಣೆಯ ದಿನಾಂಕವನ್ನು, ಬಿರುಕು ಅಪಾಯದ ಅಳತೆ ಮುಟ್ಟುವುದಕ್ಕೆ ಸಾಕಷ್ಟು ಮುಂಚೆಯೇ, ಆ ಲೆಕ್ಕದಿಂದ ಗೊತ್ತುಮಾಡಿ.